ಗೌರಿಯ ಮೈಮೇಲಿನ ಜೂಲ

ರೊಟ್ಟಿ ಬಡಿಯುವಾಗ ಹಿತ್ತಲಿನಿಂದ ಯಾರಾದರೂ ಜೋರಾಗಿ ಕೂಗಿದರೆ ಈಗಲೂ ನನ್ನ ಕೈ ನಿಲ್ಲುತ್ತದೆ. ಎಪ್ಪತ್ತರ ದಶಕದ ಒಂದು ಚಳಿಗಾಲ, ಯರಗುಪ್ಪಿಯ ಮನೆಯಲ್ಲಿ ಹೀಗೆಯೇ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ತೋಳು ಕೊಡವುತ್ತ ದನದ ಮನೆಯಿಂದ ಅತ್ತೆಯ ಬಳಿಗೆ ಓಡಿಬಂದರು.

“ಅವ್ವಾ, ಹೇನು! ಗೌರಿ ಮೈತುಂಬ ಹೇನ ಅದಾವು!”

ಹಿಟ್ಟು ಹತ್ತಿದ ಕೈಯಲ್ಲೇ ಶಿವನಿಗೆ ಕೈಮುಗಿದೆ. ಹೇನೆಂದು ಕೇಳಿ ಹಿಗ್ಗಿದ ಹೆಂಗಸು ನಾನೊಬ್ಬಳೇ ಇರಬೇಕು ನೋಡಿ. ಗೌರಿ ನಮ್ಮ ಆಕಳು, ಚೊಚ್ಚಲ ಗಬ್ಬ. ಕೂದಲುದುರಿ, ಮೇವು ಬಿಟ್ಟು, ಎಲುಬು ಕಾಣುವಂತಾಗಿತ್ತು. ಯಾವ ದೊಡ್ಡ ರೋಗವೋ, ಈಯುವತನಕ ಉಳಿದಾಳೋ ಇಲ್ಲವೋ ಎಂದು ದಿನಾ ಅಂಜುತ್ತಲೇ ದನದ ಮನೆಯ ಬಾಗಿಲು ತೆರೆಯುತ್ತಿದ್ದೆ.

ಚಳಿ ಶುರುವಾದಾಗ ಅವಳಿಗೆ ಹೊದಿಸಲೆಂದು ಅತ್ತೆ ಮಠಕ್ಕೆ ಹೋಗಿ, ಅಲ್ಲಿಯ ಬಸವಣ್ಣನ, ಅಂದರೆ ಮಠಕ್ಕೆ ಬಿಟ್ಟ ಹೋರಿಯ, ಬೆನ್ನಿನ ಜೂಲ ಬೇಡಿ ತಂದಿದ್ದರು. ದೇವರು ಹೊದ್ದ ಬಟ್ಟೆ. ತೆಗೆಯುವ ಮಾತೇ ಇಲ್ಲ. ಸೋಮವಾರಕ್ಕೊಮ್ಮೆ ಗೌರಿಯ ಹಣೆಗೆ ವಿಭೂತಿ ಹಚ್ಚಿ, ಜೂಲದ ಅಂಚು ಕಣ್ಣಿಗೊತ್ತಿಕೊಂಡು ಬರುತ್ತಿದ್ದೆವು. ಅದರ ಕೆಳಗೆ ಇಣುಕಿದವರಿಲ್ಲ. ಅವತ್ತು ಗೌರಿ ಕಂಬಕ್ಕೆ ಮೈ ತಿಕ್ಕಿ ತಿಕ್ಕಿ ಅದನ್ನು ತಾನೇ ಕೆಡವಿದ್ದಳು.

“ಜೂಲದಾಗ ಹೇನಿನ ಸಂತೀನ ಕೂಡೇತಿ, ಅವ್ವಾ. ಇನ್ನ ಹೊದಸೂದು ಬ್ಯಾಡ.”

“ದೇವರು ಹೊದ್ದ ಅರಿವಿಗೆ ಹೇನ ಅಂತೀಯೇನಲೇ? ನಾಲಿಗಿ ಬಿದ್ದೀತು!” ಅತ್ತೆ ಗುಡುಗಿದರು.

ನನಗೆಲ್ಲಿಯ ಧೈರ್ಯ ಬಂತೋ. “ಅತ್ಯಾರ, ಹಂಗಾದ್ರ ಮಠದ ಬಸವಣ್ಣಗೂ ಹಿಂಗ ತುರಸ್ತಿರಬೇಕಲ್ರಿ? ಪಾಪ, ಯಾರ ಮುಂದ ಹೇಳ್ಬೇಕಾಂವ?”

ಅತ್ತೆ ದಡಕ್ಕನೆ ಎದ್ದರು.

“ಕುಂತೇನ ನೋಡ್ತೀರಿ? ಬೇವಿನೆಣ್ಣಿ ತಗೀರಿ! ಮದಲ ದೇವರಿಗೆ, ಆಮ್ಯಾಲ ಗೌರಿಗೆ!”

ಅತ್ತೆ ಎಣ್ಣೆಯ ತಂಬಿಗೆ ಹಿಡಿದು ಮಠಕ್ಕೆ ಹೋದರು. ಇವರು ಗೌರಿಯ ಕೂದಲು ಕತ್ತರಿಸಿದರು, ನಾನು ಎಣ್ಣೆ ತಿಕ್ಕಿದೆ, ಜೂಲ ಹಂಡೆಯಲ್ಲಿ ಕುದಿಯಿತು. ದನದ ಹೇನು ಮನುಷ್ಯರಿಗೆ ಹತ್ತುವುದಿಲ್ಲವಂತೆ, ಆದರೂ ಆ ದಿನ ಮನೆಮಂದಿಯೆಲ್ಲ ತಲೆ ಕೆರೆದುಕೊಂಡದ್ದೇ ಕೆರೆದುಕೊಂಡದ್ದು. ಸೀರು ಒಡೆದು ಮತ್ತೆ ಹೇನಾಗದಿರಲೆಂದು ವಾರ ಬಿಟ್ಟು ಇನ್ನೊಮ್ಮೆ ತಿಕ್ಕಿದೆವು. ಆಮೇಲೊಂದು ಮುಂಜಾನೆ ಗೌರಿ ನನ್ನ ಕಂಕುಳಲ್ಲಿದ್ದ ಮೇವಿಗೇ ಬಾಯಿ ಹಾಕಿ ಜಗ್ಗಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾಘದಲ್ಲಿ ಅತ್ತೆಯೇ ಕೂಗಿದರು: “ಗೌರಿ ಈದಾಳ, ಹೆಣ್ಣ ಕರಾನಬೇ! ಎದ್ದ ನಿಂತೇತಿ ಬಾ, ಮಲಿ ಹುಡುಕಾಕತ್ತೇತಿ!”

ಓಡಿಹೋಗಿ ನೋಡಿದೆ. ಗೌರಿ ಕರುವನ್ನು ನೆಕ್ಕುತ್ತಿದ್ದಳು; ಅವಳ ಬೆನ್ನ ಮೇಲೆ ಹೊಸ ಕೂದಲು ಮಿರಿಮಿರಿ ಮಿಂಚುತ್ತಿತ್ತು. ಕರು ಕುಡಿದು ಮಿಕ್ಕ ಹಾಲನ್ನು ಅತ್ತೆ ಚರಿಗೆಗೆ ಹಿಂಡಿಕೊಟ್ಟರು. ಒಳಗೆ ಬಂದು, ಗಿಣ್ಣಕ್ಕೆ ಬೆಲ್ಲ ಜಜ್ಜಲು ಕೂತೆ.