ಕೆಳಬೀದಿಯ ನೀರಿನ ಚಕ್ರವರ್ತಿ

ಆ ಗುಡ್ಡದ ಬಡಾವಣೆಗೆ ನೀರು ಬಿಡುವವನನ್ನು ಎಲ್ಲರೂ ಚಕ್ರವರ್ತಿ ಎಂದೇ ಕರೆಯುತ್ತಿದ್ದರು. ರಸ್ತೆಯ ಗುಂಡಿಯೊಳಗಿನ ಕಬ್ಬಿಣದ ವಾಲ್ವನ್ನು ಅವನು ಬಲಕ್ಕೆ ತಿರುಗಿಸಿದರೆ ಕೆಳಬೀದಿಯ ನಲ್ಲಿಗಳೆಲ್ಲ ಬಾಯಿ ಮುಚ್ಚುತ್ತಿದ್ದವು, ಎಡಕ್ಕೆ ತಿರುಗಿಸಿದರೆ ತೆರೆಯುತ್ತಿದ್ದವು. ಅಷ್ಟು ಪ್ರಜೆಗಳ ಸ್ನಾನ, ಅಡುಗೆ, ಬಟ್ಟೆ, ಜಗಳ ಎಲ್ಲವೂ ಒಬ್ಬನ ತೋಳಿನಲ್ಲಿರುವಾಗ ಇನ್ನೇನೆಂದು ಕರೆಯುವುದು? ಎದೆಯೆತ್ತರದ ವಾಲ್ವ್ ಕೀಲಿಯನ್ನು ಹೆಗಲಿಗೇರಿಸಿ ಬೀದಿಗಿಳಿದರೆ ರಾಜದಂಡ ಹಿಡಿದ ಗತ್ತೇ ಬರುತ್ತಿತ್ತು. ಕಿರೀಟದ ಜಾಗದಲ್ಲಿ ಪ್ಲಾಸ್ಟಿಕ್ ಚೀಲ, ಅದೂ ಮಳೆ ಬಂದಾಗ ಮಾತ್ರ.

ಈ ಸಾಮ್ರಾಜ್ಯ ಸೋದರಮಾವನಿಂದ ಬಂದದ್ದು. ಮಾವ ಹೇಳಿಕೊಟ್ಟ ರಾಜನೀತಿ ಒಂದೇ: ಮಳೆ ಬಂತೋ, ವಾಲ್ವ್ ಮುಚ್ಚು. ಮಳೆ ಸುರಿಯುವಾಗ ನಲ್ಲಿ ಬರಲಿಲ್ಲವೆಂದು ಯಾರೂ ಕೂಗಾಡುವುದಿಲ್ಲ, ಟ್ಯಾಂಕಿನಲ್ಲಿ ಉಳಿದ ನೀರು ನಾಳೆ ಕರೆಂಟ್ ಹೋದರೂ ಮಾನ ಕಾಪಾಡುತ್ತದೆ. ಈ ನೀತಿ ಚಕ್ರವರ್ತಿಯ ಕೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲೂ ನಲ್ಲಿಯ ಸದ್ದು ಕೇಳಿದೊಡನೆ ಎದ್ದುಹೋಗಿ ತಿರುಗಿಸಿಬಿಡುತ್ತಿದ್ದ. ಮದುವೆಯಾದಂದಿನಿಂದ ಮುಖದ ಸೋಪನ್ನು ನೆಮ್ಮದಿಯಾಗಿ ತೊಳೆದುಕೊಂಡವಳಲ್ಲ ತಾನು ಎಂದು ಹೆಂಡತಿ ಬಂದವರ ಮುಂದೆಲ್ಲ ದೂರುತ್ತಿದ್ದಳು.

ಆದರೆ ಈಚೆಗೆ ಮಳೆಯೇ ಹಳೆಯ ಮಳೆಯಾಗಿ ಉಳಿದಿರಲಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದೆ, ಯಾವುದೋ ಬೆಳಿಗ್ಗೆ ಬಂದು ಇಡೀ ಕಾಲದ ಮಳೆಯನ್ನು ಒಂದೇ ಸಲ ಮಗುಚಿ ಹೋಗುತ್ತಿತ್ತು. ಮೋರಿಗಳು ಉಕ್ಕಿ ವಾಲ್ವಿನ ಗುಂಡಿಗಳನ್ನು ತುಂಬುತ್ತಿದ್ದವು. ಅದಕ್ಕೇ ಹೊಸದಾಗಿ ಬಂದ ಇಂಜಿನಿಯರಮ್ಮ ನೀರು ಬಿಡುವ ಎಲ್ಲ ನೀರುಗಂಟಿಗಳನ್ನೂ ಕೂರಿಸಿ ಪಾಠ ಹೇಳಿದ್ದರು. ತೂತುಬಿದ್ದ ರಬ್ಬರ್ ಪೈಪನ್ನು ಬಕೆಟ್ಟಿನ ಕೆಸರುನೀರಿನಲ್ಲಿ ಮುಳುಗಿಸಿ ತೋರಿಸಿದ್ದರು. ಒಳಗೆ ನೀರು ಒತ್ತಿ ಹರಿಯುವಷ್ಟು ಹೊತ್ತು ತೂತಿನಿಂದ ಹೊರಕ್ಕೆ ಚಿಮ್ಮುತ್ತದೆ, ನಿಲ್ಲಿಸಿದೊಡನೆ ಹೊರಗಿನ ಕೊಳಕು ಒಳಕ್ಕೆ ನುಗ್ಗುತ್ತದೆ. ಹಳೆಯ ಪೈಪುಗಳನ್ನು ಬದಲಿಸುವವರೆಗೆ ಜೋರುಮಳೆಯಲ್ಲಿ ವಾಲ್ವ್ ಮುಚ್ಚಕೂಡದು. ನೀರು ಪೋಲಾದರೂ ಸರಿ, ಪೈಪಿನ ಹೊಟ್ಟೆ ಖಾಲಿ ಬಿಡಬಾರದು. ಚಕ್ರವರ್ತಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ. ಆಡಿದ್ದು ತಲೆ. ಕೈಗೆ ಯಾರೂ ಪಾಠ ಹೇಳಿರಲಿಲ್ಲ.

ಆ ಬೆಳಿಗ್ಗೆ ಕೆಳಬೀದಿಯ ಸರದಿ. ನೀರು ಬಿಟ್ಟು ಸ್ವಲ್ಪ ಹೊತ್ತಿಗೇ ಆಕಾಶ ಹರಿದುಕೊಂಡು ಬಿತ್ತು. ಚಕ್ರವರ್ತಿ ಚೀಲವನ್ನು ತಲೆಗೇರಿಸಿ, ಮೊಣಕಾಲೆತ್ತರದ ಕೆಂಪುನೀರಿನೊಡನೆ ಹೋರಾಡುತ್ತ ಗುಂಡಿಯ ಬಳಿ ತಲುಪಿ, ಶತ್ರುವಿನ ಎದೆಗೆ ಈಟಿ ಇಳಿಸುವವನಂತೆ ಕೀಲಿ ಇಳಿಸಿ, ಹಲ್ಲುಕಚ್ಚಿ ತಿರುಗಿಸಿ ಮುಚ್ಚಿದ. ವಿಜಯಿಯಾಗಿ ಪಂಪ್‌ಮನೆಯ ಸೂರಿನಡಿ ಬಂದು ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡ.

ಅಲ್ಲಿಂದ ನೋಡಿದರೆ ಗುಂಡಿಯ ಬಾಯಿತನಕ ಮೋರಿನೀರು ನಿಂತಿತ್ತು. ಅದರಲ್ಲಿ ತೇಲುತ್ತಿದ್ದ ಎಲೆಯೊಂದು ಗಿರಗಿರನೆ ಸುತ್ತಿ, ಸುಳಿಯ ನಡುವೆ ಸಿಕ್ಕಿ ಕೆಳಗಿಳಿಯಿತು. ಎಲ್ಲಿಗೆ ಹೋಯಿತು ಇದು ಎಂದುಕೊಂಡ. ಬಕೆಟ್ಟು, ರಬ್ಬರ್ ಪೈಪು, ಕೆಸರು ಎಲ್ಲ ಕಣ್ಣಮುಂದೆ ಬಂದವು. ಚಹಾ ಅಲ್ಲೇ ಬಿಟ್ಟು ಎದ್ದ.

ಕೆಳಬೀದಿಯ ಕಟ್ಟಕಡೆಯ ಮನೆಯಲ್ಲಿ ಅವನ ಮಗಳು ಶಿಶುವಿಹಾರ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಹೊತ್ತು ಅದೇ. ಮೇಲೆ ವಾಲ್ವ್ ಮುಚ್ಚಿದರೂ ಇಳಿಜಾರಿನ ಪೈಪಿನಲ್ಲಿ ಉಳಿದದ್ದು ಆ ಕೊನೆಯ ನಲ್ಲಿಯಿಂದ ಇನ್ನಷ್ಟು ಹೊತ್ತು ಬರುತ್ತಲೇ ಇರುತ್ತದೆ.

ಓಡಿಹೋಗಿ ವಾಲ್ವಿಗೆ ಕೀಲಿ ತೊಡಿಸಿದವನು ಹಾಗೇ ನಿಂತ. ತೆರೆದರೆ ಒಳಸೇರಿದ ಕೊಳಕೆಲ್ಲ ನೇರವಾಗಿ ಆ ಮಕ್ಕಳ ಲೋಟಕ್ಕೆ. ಮುಚ್ಚಿಟ್ಟರೆ ಇನ್ನಷ್ಟು ಕೊಳಕು ಒಳಕ್ಕೆ. ಇಂಥ ಧರ್ಮಸಂಕಟ ಕುದುರೆ ಏರಿದ ಚಕ್ರವರ್ತಿಗಳಿಗೂ ಬಂದಿರಲಾರದು. ಬಂದಿದ್ದರೂ ಅವರ ಕಾಲು ಮೋರಿಯಲ್ಲಿ ಇರಲಿಲ್ಲ. ಮಗಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಉಳಿದದ್ದು ಇಂಜಿನಿಯರಮ್ಮನ ನಂಬರು. ಸದ್ದಿಲ್ಲದೆ ತೆರೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಳಗಿನಿಂದ ಯಾರೋ ಮಂತ್ರಿ ಪಿಸುಗುಟ್ಟಿದ. ಮಂತ್ರಿಯನ್ನು ವಜಾ ಮಾಡುವಷ್ಟರಲ್ಲಿ ಬೆವರು ಮಳೆನೀರಿಗೂ ಮಿಗಿಲಾಗಿ ಇಳಿಯುತ್ತಿತ್ತು.

“ಮೇಡಮ್, ಮುಚ್ಚಿಬಿಟ್ಟೆ.”

ಮಳೆಯ ಸದ್ದಿನ ನಡುವೆ ಇಂಜಿನಿಯರಮ್ಮನ ದನಿ ಬಂತು.

“ಅಷ್ಟು ಜೋರಾಗಿ ತಲೆ ಆಡಿಸಿದ್ರಲ್ಲ, ಯಜಮಾನ್ರೇ.”

“ಕೈ ಕೇಳ್ಲಿಲ್ಲ ಮೇಡಮ್.”

ಆಕೆ ಬೈಯಲಿಲ್ಲ, ಅದರಿಂದ ಅವನ ಹೆದರಿಕೆ ಇನ್ನೂ ಹೆಚ್ಚಾಯಿತು. ಬೀದಿಯ ಕೊನೆಯಲ್ಲಿ ಪೈಪು ತೊಳೆದ ನೀರನ್ನು ಹೊರಬಿಡುವ ಬಾಯೊಂದಿದೆ, ನಾನೇ ಬಂದು ಅದನ್ನು ತೆರೆಸುತ್ತೇನೆ, ವಾಲ್ವನ್ನು ಪಕ್ಕದ ಬಡಾವಣೆಯ ನೀರುಗಂಟಿ ನೋಡಿಕೊಳ್ಳುತ್ತಾನೆ, ನೀವು ಈಗಲೇ ಮನೆಮನೆಗೂ ಹೋಗಿ ನೀರು ಕುಡಿಯಬೇಡಿ ಎಂದು ಹೇಳಿ ಅಂದರು.

ಮಗಳ ಮನೆ ಮೊದಲು ಎಂದುಕೊಂಡೇ ಓಡಿದ. ಆದರೆ ದಾರಿಯುದ್ದಕ್ಕೂ ಬಾಗಿಲುಗಳು, ಬಾಗಿಲಲ್ಲಿ ಬಿಂದಿಗೆಗಳು, ಹಾಗೆಯೇ ದಾಟಿಹೋಗಲು ಕಾಲು ಬರಲಿಲ್ಲ. ಟೈಲರನಿಗೆ ಪೈಪೆಲ್ಲೋ ಕೆಟ್ಟಿದೆ ಎಂದ. ಆಚೆಮನೆಯ ಡ್ರೈವರನಿಗೆ ಎಲ್ಲ ಮಳೆಯ ಕಾಟ ಎಂದ. ಮೂರನೆಯ ಬಾಗಿಲಲ್ಲಿ ಮುದುಕಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ಯಾಕೆ ಎಂದು ಕೇಳಿದಾಗ ಸುಳ್ಳುಗಳು ಮುಗಿದಿದ್ದವು.

“ನಾನು ಮುಚ್ಚಬಾರದಿತ್ತಮ್ಮಾ, ಮುಚ್ಚಿದೆ. ಕೊಳಕು ಸೇರಿದೆ.”

“ನೀರು ಬಿಡ್ಲಿಲ್ಲ ಅಂತ ನಿನ್ನ ಬೈದಿದ್ದೀನಿ,” ಎಂದಳು ಮುದುಕಿ. “ಬಂದ ನೀರಿಗೆ ಬೈಯೋದು ಇದೇ ಮೊದ್ಲು. ನಡಿ, ಈ ಸಾಲಿಗೆ ನಾನು ಹೇಳ್ತೀನಿ. ನೀನು ಮಗಳ ಮನೆಗೆ ಓಡು.”

ಶಿಶುವಿಹಾರದಲ್ಲಿ ಮಗಳು ಕೊನೆಯ ಕೊಡ ತುಂಬಿ ಮುಚ್ಚಳ ಹಾಕುತ್ತಿದ್ದಳು. ಮಕ್ಕಳ ಗಲಾಟೆಯಲ್ಲಿ ಫೋನ್ ಕೇಳಿಸಿರಲಿಲ್ಲ. ಅಪ್ಪನ ಮುಖ ನೋಡಿ ಅವಳ ಕೈ ನಿಂತಿತು.

“ಯಾರಾದ್ರೂ ಕುಡಿದ್ರಾ?”

“ಆ ಮೋಟುಜಡೆಯವಳು ಮಾತ್ರ. ನಲ್ಲಿಗೇ ಬಾಯಿ ಹಾಕಿದ್ಲು. ಯಾಕಪ್ಪಾ?”

ಹೇಳಿದ. ಮಗಳು ತುಂಬಿದ ಕೊಡಗಳನ್ನು ಒಂದೊಂದಾಗಿ ಅಂಗಳಕ್ಕೆ ಸುರಿದಳು. ನೀರು ಹರಿದುಹೋಗುವುದನ್ನು ಕಂಡೂ ಚಕ್ರವರ್ತಿಯ ಕೈ ಮಿಸುಕಲಿಲ್ಲ.

ಹುಡುಗಿಯ ತಾಯಿಗೆ ಸುದ್ದಿ ಹೋಯಿತು, ಡಾಕ್ಟರ ಬಳಿ ಹೋಗಿಬಂದದ್ದೂ ಆಯಿತು. ಜ್ವರವೋ ಭೇದಿಯೋ ಕಂಡರೆ ತಕ್ಷಣ ಕರೆತನ್ನಿ, ಅಲ್ಲಿಯವರೆಗೆ ಕಾಯುವುದೇ ಎಂದರಂತೆ ಅವರು. ಕಾಯುವ ಕೆಲಸವನ್ನು ಚಕ್ರವರ್ತಿ ಶಿಶುವಿಹಾರದಲ್ಲೇ ಕೂತು ಪೂರ್ತಿ ತಾನೇ ವಹಿಸಿಕೊಂಡ. ಗಳಿಗೆಗೊಮ್ಮೆ ಹೊಟ್ಟೆ ನೋವಾ ಪುಟ್ಟಿ ಎಂದು ಕೇಳುತ್ತಿದ್ದ. ಮಧ್ಯಾಹ್ನ ಅವಳು ಹೂಂ ಅಂದುಬಿಟ್ಟಳು. ಡಾಕ್ಟರ ಬಳಿ ಓಡಲು ಅವನು ಎದ್ದೇಬಿಟ್ಟ. ಬಿಸ್ಕತ್ತು ಕೊಟ್ಟರೆ ಹೋಗುತ್ತದೆ ಎಂದಳು ಮೋಟುಜಡೆ. “ಬಿಸ್ಕತ್ತು ಸಿಗೋದಾದ್ರೆ ಅವಳಿಗೆ ಎಲ್ಲಿ ಬೇಕಾದ್ರೂ ನೋವು ಬರುತ್ತಪ್ಪಾ,” ಎಂದು ಮಗಳು ಬೆಳಗಿನಿಂದ ಮೊದಲ ಸಲ ನಕ್ಕಳು. ಅವನಿಗೆ ನಗು ಬರಲಿಲ್ಲ.

ಮರುದಿನ ಇಂಜಿನಿಯರಮ್ಮ ಹೇಳಿಕಳಿಸಿದರು: ಪರೀಕ್ಷೆಗೆ ಮೊದಲು ಹಿಡಿದ ನೀರಿನಲ್ಲಿ ಮೋರಿ ಬೆರೆತದ್ದು ನಿಜ, ತೊಳೆದ ಮೇಲೆ ಹಿಡಿದದ್ದು ಶುದ್ಧ. ಆ ಮೊದಲ ನೀರು ಯಾರ ಹೊಟ್ಟೆಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಶಿಶುವಿಹಾರದ ಗೇಟು ಹಿಡಿದು ನಿಂತ. ಎಲ್ಲ ಮಕ್ಕಳೂ ಬಂದರು, ಅವಳು ಬರಲಿಲ್ಲ. ಗೇಟಿನ ಕಬ್ಬಿಣ ಅವನ ಬೆವರಿಗೆ ಜಾರತೊಡಗಿತು. ಯಾರನ್ನೂ ಕೇಳಲು ಧೈರ್ಯವಾಗಲಿಲ್ಲ. ಬಿಸಿಲೇರಿದ ಮೇಲೆ ತಿರುವಿನಲ್ಲಿ ತಾಯಿ ಕಂಡಳು, ಹಿಂದೆ ಅರ್ಧ ಹೆಣೆದ ಜಡೆ. ತಲೆ ಬಾಚಲು ಬಿಡದೆ ಮನೆಯೆಲ್ಲ ಓಡಾಡಿಸಿದಳು, ಇವಳಿಗೆ ರೋಗ ಬಂದಿದ್ದರೆ ನಾನಾದರೂ ಕೂತಿರುತ್ತಿದ್ದೆ ಎಂದು ತಾಯಿ ಗೊಣಗಿದಳು. ಡಾಕ್ಟರು ಇನ್ನೂ ಕೆಲವು ದಿನ ಗಮನಿಸಬೇಕು ಅಂದಿದ್ದಾರಂತೆ.

ಒಳಗೆ ಬಂದವಳೇ ಹುಡುಗಿ ನೀರು ಕೇಳಿದಳು. ಕುದಿಸಿ ಆರಿಸಿದ ನೀರನ್ನು ಲೋಟಕ್ಕೆ ಬಗ್ಗಿಸಿದ ಚಕ್ರವರ್ತಿ ಕೊಡಲಾರದೆ ನಿಂತ. ಹಿಂದಿನ ರಾಜರು ತಮ್ಮ ಊಟವನ್ನು ಮೊದಲು ಆಳುಗಳಿಗೆ ತಿನ್ನಿಸಿ ನೋಡುತ್ತಿದ್ದರಂತೆ. ಇವನು ತಾನೇ ಒಂದು ಗುಟುಕು ಕುಡಿದ. ನಾಲಿಗೆಯ ಮೇಲೆ ಹೊರಳಿಸಿದ. ಕಾದ. ಸಂಶಯ ತೀರದೆ ಇನ್ನೊಂದು ಗುಟುಕು ಕುಡಿದ.

“ಅಜ್ಜಾ,” ಎಂದಳು ಮೋಟುಜಡೆ, “ನಂಗೂ ಸ್ವಲ್ಪ ಉಳ್ಸು.”