ವಿಮಾನಕ್ಕೆ ಹಣೆ ಎಲ್ಲಿದೆ?

...ಅಥವಾ ಆ ಮಾತು ಹೇಳಿದ್ದು ಗೌರತ್ತಿಗೆ ಅಲ್ಲವೇನೋ. "ಪೂಜೆ ಆದ್‌ಮ್ಯಾಲೆ ಬಾಯಲ್ಲಿ ಊದ್‌ಬಾರ್ದು ಕಣವ್ವ." ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ದನಿ ಯಾರದು ಅನ್ನುವುದು ಮಾತ್ರ ದಿನಕ್ಕೊಂದು ಥರ ಕೇಳುತ್ತಿದೆ. ಸೋಮವಾರ ಅತ್ತಿಗೆಯ ದನಿ. ಬುಧವಾರ ಅಣ್ಣನದು. ಇವತ್ತು ಬರೆಯಲು ಕೂತರೆ, ಯಾಕೋ, ನನ್ನದೇ.

ನಡೆದು ಒಂದು ತಿಂಗಳೂ ಆಗಿಲ್ಲ. ಇಷ್ಟು ಬೇಗ ಎಲ್ಲ ಕಲಸಿಹೋಗುವುದಾದರೆ, "ನನಗಿನ್ನೂ ಚೆನ್ನಾಗಿ ನೆನಪಿದೆ" ಎಂದು ಈ ಅಂಕಣದಲ್ಲಿ ಇಷ್ಟು ವರ್ಷ ಬರೆದದ್ದೆಲ್ಲ ಏನು? (ಹಳೆಯ ಓದುಗರು ಕ್ಷಮಿಸಬೇಕು. ಅಥವಾ ಮರೆಯಬೇಕು.)

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ.

ಸೌಮ್ಯ ಚಾಮರಾಜನಗರದಲ್ಲಿ ನಮ್ಮ ಬೀದಿಯ ಹುಡುಗಿ. ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಅವಳೀಗ ಒಂದು ವಿಶ್ವವಿದ್ಯಾಲಯದಲ್ಲಿ ವಿಮಾನಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ನಾವು ಕೂತು ಹೋಗುವ ವಿಮಾನವಲ್ಲ. ಪೈಲಟ್ ಇಲ್ಲದ, ಎರಡು ತೋಳು ಚಾಚಿದಷ್ಟು ರೆಕ್ಕೆಯ ಸಣ್ಣ ವಿಮಾನ. ಕೇರಳದ ಕಡೆಯಿಂದ ಘಟ್ಟ ಹತ್ತಿ ಬರುವ ಗಾಳಿ ನಮ್ಮ ಬಯಲಿಗೆ ಇಳಿಯುವಾಗ ಒಂದೇ ಸಮ ಇರುವುದಿಲ್ಲ. ತಡವರಿಸುತ್ತದೆ, ತಿರುಗುತ್ತದೆ, ಒಮ್ಮೆಲೆ ನೂಕುತ್ತದೆ. ಅಂಥ ಗಾಳಿಯಲ್ಲಿ ಈ ಪುಟ್ಟ ವಿಮಾನ ಬೀಳದೆ ಹಾರಬೇಕು. ಮುಂದೊಂದು ದಿನ ಬೆಟ್ಟದ ಮೇಲಿನ ಗಿರಿಜನರ ಹಾಡಿಗಳಿಗೆ ಔಷಧಿ ಹೊತ್ತು ಹೋಗಬೇಕು. ಇದು ಅವಳ ಸಂಶೋಧನೆ.

ಹಣ ಸರ್ಕಾರದ್ದು. ಒಂದೇ ಸಲ ಬರುವುದಿಲ್ಲ. ಮೊದಲ ಕಂತು ಮುಗಿದಿತ್ತು. ಎರಡನೆಯದು ಬರಬೇಕಾದರೆ ಸಮಿತಿಯವರೊಬ್ಬರು ಬಂದು ವಿಮಾನ ಹಾರುವುದನ್ನು ಕಣ್ಣಾರೆ ನೋಡಬೇಕು. ಆ ಕಂತು ಬಾರದಿದ್ದರೆ ಪ್ರಾಜೆಕ್ಟ್ ಮುಗಿಯಿತು. ಅದರ ಜೊತೆಗೆ ಸೌಮ್ಯಳ ಕೆಲಸವೂ.

ಕಾಡಿನ ಹತ್ತಿರ ಹಾರಿಸುವಂತಿಲ್ಲ. ಊರಿನ ಮೇಲೂ ಕೂಡದು. ವಿದ್ಯುತ್ ತಂತಿ ಇಲ್ಲದ ಖಾಲಿ ಹೊಲ ಬೇಕಿತ್ತು. ನನಗೆ ನೆನಪಾದದ್ದು ಬೇಗೂರಿನಿಂದ ಒಳಗೆ ನನ್ನ ದೊಡ್ಡಪ್ಪನ ಮಗ ಮಾದಪ್ಪಣ್ಣನ ಹೊಲ. ಈರುಳ್ಳಿ ಕಿತ್ತು ಗುಂಡ್ಲುಪೇಟೆಗೆ ಸಾಗಿಸಿ ಆಗಿತ್ತು. ಫೋನ್ ಮಾಡಿದೆ.

"ಇಮಾನ ನಮ್ ವೊಲ್ದಾಗ? ಬರ್ಲಿ ಬುಡ್ಲಾ. ಇಷ್ಟ್ ದಿನ ನವಿಲು ಬತ್ತಿತ್ತು, ಹಂದಿ ಬತ್ತಿತ್ತು. ಇದೂ ಬರ್ಲಿ."

ಆ ಬೆಳಿಗ್ಗೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮಂಜಿನೊಳಗೆ ನೀಲಿಯಾಗಿ ಕಾಣುತ್ತಿತ್ತು. (ಹೀಗೆ ಬರೆದುಬಿಟ್ಟೆ. ಬೇಗೂರಿನ ಆ ಹೊಲದಿಂದ ಬೆಟ್ಟ ಕಾಣುತ್ತದೆಯೇ? ಮೊನ್ನೆ ಅಣ್ಣನನ್ನು ಕೇಳಿದರೆ ನಕ್ಕ. ಹಾಗಾದರೆ ನಾನು ಕಂಡ ನೀಲಿ ಯಾವುದು?)

ಸೌಮ್ಯ ಮತ್ತು ಅವಳ ಜೊತೆ ಕೆಲಸ ಮಾಡುವ ಕಿರಣ್ ಟಾರ್ಪಾಲಿನ ಮೇಲೆ ವಿಮಾನ ಜೋಡಿಸಿದರು. ಅದರ ಮೂಗಿನ ತುದಿಯಿಂದ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿತ್ತು. ತುದಿಯಲ್ಲಿ ಸೂಜಿ ಹೋಗುವಷ್ಟು ತೂತು. ಎದುರು ಗಾಳಿ ಆ ತೂತಿನೊಳಗೆ ಎಷ್ಟು ಜೋರಾಗಿ ನುಗ್ಗುತ್ತದೆ ಎನ್ನುವುದರಿಂದಲೇ ವಿಮಾನಕ್ಕೆ ತನ್ನ ವೇಗ ತಿಳಿಯುವುದು. ಹಾರಿಸುವ ಮೊದಲು ಅದನ್ನು ಪರೀಕ್ಷಿಸಬೇಕು. ಹೇಗೆ ಗೊತ್ತೇ? ಲಕ್ಷಗಟ್ಟಲೆ ಬೆಲೆಯ ಸಂಶೋಧನೆ, ಪರೀಕ್ಷೆ ಮಾತ್ರ ಬಾಯಲ್ಲಿ. ಸೌಮ್ಯ ಬಗ್ಗಿ ತೂತಿಗೆ ಫೂ ಎಂದು ಊದಿದಳು. ಲ್ಯಾಪ್‌ಟಾಪಿನಲ್ಲಿ ಅಂಕಿ ಜಿಗಿಯಿತು. "ಓಕೆ," ಎಂದ ಕಿರಣ್.

"ಕೂಸ್ನ ಮೊಕಕ್ಕೆ ಊದ್ದಂಗೆ ಊದ್ತೀಯಲ್ಲವ್ವ," ಎಂದು ಗೌರತ್ತಿಗೆ ನಕ್ಕಳು. ಗೌರತ್ತಿಗೆ ಮಾದಪ್ಪಣ್ಣನ ಹೆಂಡತಿ. ಅವಳ ಕೈಯಲ್ಲಿ ಆಗಲೇ ತಟ್ಟೆ ಇತ್ತು. ಕಾಯಿ, ಕರ್ಪೂರ, ಚೆಂಡುಹೂವಿನ ಹಾರ, ನೀರಲ್ಲಿ ಕಲಸಿದ ವಿಭೂತಿ.

"ಪೂಜೆ ಬೇಡ ದೊಡ್ಡವ್ವ," ಎಂದಳು ಸೌಮ್ಯ.

"ಬ್ಯಾಡ ಅಂದ್ರೆ ಎಂಗವ್ವ? ಟ್ರಾಕ್ಟ್ರು ತಂದಾಗ ಮಾಡುದ್ವಿ, ಮೋಟ್ರು ಇಳ್ಸ್ದಾಗ ಮಾಡುದ್ವಿ. ಅವೆಲ್ಲ ನೆಲದ್ ಮ್ಯಾಲಿರವು. ಇದು ಆಕಾಸಕ್ಕೆ ಓಗದು!"

ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ.

ಅಷ್ಟರಲ್ಲಿ ಸಮಿತಿಯ ಹಿರಿಯರು ಕಾರಿನಿಂದ ಇಳಿದರು. ಬೆಂಗಳೂರಿನವರು, ನಿವೃತ್ತ ಎಂಜಿನಿಯರ್. ತಟ್ಟೆ ನೋಡಿದ್ದೇ ಶೂ ಬಿಚ್ಚಿದರು. "ಮಾಡ್ಲಿ ಬಿಡಮ್ಮ. ರಾಕೆಟ್ ಬಿಡೋರೇ ಕಾಯಿ ಒಡೀತಾರೆ, ನಿಂದೇನು?"

ಸೌಮ್ಯ ಒಪ್ಪಿದಳು. ಬ್ಯಾಟರಿಗೆ ನೀರು ಸಿಡಿಯದಂತೆ ಕಾಯಿಯನ್ನು ದೂರ ಒಡೆಯಿರಿ ಎಂದಳು ಅಷ್ಟೆ.

ಒಂದು ತೊಡಕು ನಿಂಬೆಹಣ್ಣಿನದು. ಈ ವಿಮಾನಕ್ಕೆ ಚಕ್ರವೇ ಇಲ್ಲ, ಕೈಯಿಂದ ಎಸೆದು ಹಾರಿಸುವುದು. ನಿಂಬೆಹಣ್ಣು ಯಾವುದರ ಕೆಳಗೆ ಇಡುವುದು? "ಎಸಿಯೋನ್ ಕಾಲಡಿ ಮಡುಗಿ," ಎಂದ ಮಾದಪ್ಪಣ್ಣ. ಎಸೆಯಬೇಕಿದ್ದ ಕಿರಣ್ ಗಾಬರಿಯಾದ. ಕೊನೆಗೆ ನಿಂಬೆಹಣ್ಣನ್ನು ಹಿರಿಯರ ಕಾರಿಗೆ ಬಿಟ್ಟುಕೊಟ್ಟೆವು.

ಇನ್ನೊಂದು ತೊಡಕನ್ನು ಯಾರೂ ತೊಡಕೆಂದು ಗುರುತಿಸಲಿಲ್ಲ. ನಮ್ಮ ಕಡೆ ಯಾವ ಯಂತ್ರ ಬಂದರೂ ಮೊದಲು ಅದರ ಹಣೆ ಹುಡುಕುತ್ತೇವೆ. ಟ್ರಾಕ್ಟರಿಗೆ ಬಾನೆಟ್ಟು. ಬೈಕಿಗೆ ಹೆಡ್‌ಲೈಟಿನ ನೆತ್ತಿ. ನಮ್ಮ ಮನೆಯ ವಾಷಿಂಗ್ ಮೆಷೀನಿಗೂ ಬಟನ್‌ಗಳ ಮೇಲೆ ಒಂದು ಕುಂಕುಮದ ಬೊಟ್ಟಿದೆ. ಕಣ್ಣಿಗೆ ಮುಖ ಸಿಕ್ಕರೆ ಬೆರಳಿಗೆ ಹಣೆ ಸಿಗುತ್ತದೆ. ವಿಮಾನಕ್ಕೆ? ಎಲ್ಲಕ್ಕಿಂತ ಮುಂದೆ ಇರುವುದು ಮೂಗು. ಮೂಗಿನ ಮೇಲೆ ಮೂರು ಪಟ್ಟೆ ವಿಭೂತಿ ಬಿತ್ತು. ಅದನ್ನು ಎಳೆದ ಬೆರಳು ತುದಿಯ ಕೊಳವೆಯನ್ನೂ ಸವರಿತೇ? ನನ್ನ ಫೋನಿನ ಫೋಟೋದಲ್ಲಿ ಪಟ್ಟೆ ಇದೆ. ತುದಿಯನ್ನು ಚೆಂಡುಹೂವು ಮುಚ್ಚಿದೆ.

ಹಾರ ತೆಗೆದರು. ಸೌಮ್ಯ ಇನ್ನೊಮ್ಮೆ ಪರೀಕ್ಷಿಸಲು ಬಗ್ಗಿದಳು. ಬಾಯಿ ತೂತಿನ ಹತ್ತಿರ ಬಂದಿತ್ತು. ಆಗಲೇ ಆ ಮಾತು ಬಂದದ್ದು. ಪೂಜೆಯಾದ ಮೇಲೆ ಬಾಯಲ್ಲಿ ಊದಬಾರದು. ದೀಪವನ್ನೂ ನಾವು ಊದಿ ಆರಿಸುವುದಿಲ್ಲವಲ್ಲ. ಅವಳು ನೆಟ್ಟಗೆ ನಿಂತಳು. ಹಿರಿಯರು ವಾಚ್ ನೋಡಿಕೊಂಡರು. ಕಿರಣ್ ಎಸೆದ.

ವಿಮಾನ ತೆಂಗಿನ ಮರದೆತ್ತರ ಏರಿತು. ಅಲ್ಲಿಂದ ಮೂಗು ಕೆಳಗೆ ಮಾಡಿ ನೇರ ಹೊಲಕ್ಕೆ ನುಗ್ಗಿತು. (ಕಿರಣ್ ಮೊಬೈಲಿನಲ್ಲಿ ಹಿಡಿದ ವಿಡಿಯೋ ಪ್ರಕಾರ ಬೇವಿನ ಮರದಷ್ಟೂ ಏರಿಲ್ಲ. ಅಲ್ಲಲ್ಲ, ಎಸೆದವನೇ ಕಿರಣ್. ವಿಡಿಯೋ ಹಿಡಿದದ್ದು ಹಿರಿಯರ ಡ್ರೈವರ್ ಇರಬೇಕು.) ಈರುಳ್ಳಿ ಕಿತ್ತ ಸಡಿಲ ಮಣ್ಣು, ಸದ್ದು ಹೆಚ್ಚು ಬರಲಿಲ್ಲ.

ಲ್ಯಾಪ್‌ಟಾಪ್ ಸ್ಪಷ್ಟವಾಗಿ ಹೇಳಿತು. ಎಸೆದ ಗಳಿಗೆಯಿಂದಲೂ ವೇಗ ಸೊನ್ನೆ. ವಿಮಾನ ಹಾರುತ್ತಿದ್ದರೂ ತಾನು ನಿಂತಿದ್ದೇನೆ ಅಂದುಕೊಂಡಿತು. ವೇಗ ಪಡೆಯಲು ಮೂಗು ಬಗ್ಗಿಸಿತು. ಬಗ್ಗಿಸುತ್ತಲೇ ಹೋಯಿತು. ಆದರೆ ಸೊನ್ನೆ ಯಾಕೆ? ತೂತಿನಲ್ಲಿ ವಿಭೂತಿ ಒಣಗಿತ್ತೇ? ಕೊಳವೆಗೆ ಒಳಗಿನಿಂದ ಸೇರಿಸಿದ್ದ ರಬ್ಬರ್ ಪೈಪ್ ಕಳಚಿಕೊಂಡಿತ್ತು. ಅದು ಹಾರ ತೆಗೆಯುವಾಗ ಕಳಚಿತೇ, ಬಿದ್ದಾಗಲೇ? ಕೊಳವೆಯ ತುಂಬ ಮಾತ್ರ ಮಾದಪ್ಪಣ್ಣನ ಹೊಲದ ಕೆಂಪು ಮಣ್ಣು ಗಿಡಿದು ಕೂತಿತ್ತು. ಅದರ ಹಿಂದೆ ಬಿಳಿ ಇತ್ತೇ ಎಂದು ಯಾರಿಗೂ ಹೇಳಲಾಗಲಿಲ್ಲ.

ಊದಿದ್ದರೆ ಮಾತ್ರ, ಕಾರಣ ಯಾವುದೇ ಇರಲಿ, ನೆಲದ ಮೇಲೇ ಗೊತ್ತಾಗುತ್ತಿತ್ತು.

ಮಾದಪ್ಪಣ್ಣ ಮುರಿದ ರೆಕ್ಕೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಓಗ್ಲಿ ಬುಡವ್ವ. ಒಂದ್ ಸಲ ಬೆಳೆ ಕೈ ಕೊಡ್ತು ಅಂತ ವೊಲ ಉಳದ್ ಬುಡ್ತೀವಾ ನಾವು?"

"ನಿಮ್ಮ ಹೊಲ ನೋಡೋಕೆ ಸಮಿತಿ ಬರಲ್ಲ ದೊಡ್ಡಪ್ಪ," ಎಂದಳು ಸೌಮ್ಯ. ಅಳುತ್ತಿರಲಿಲ್ಲ. ಟಾರ್ಪಾಲ್ ಮಡಿಚುತ್ತಿದ್ದಳು.

ಹಿರಿಯರು ಕೆಟ್ಟವರಲ್ಲ. ಹೊರಡುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದರು. ನಾನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದೆ. "ರಿಪೋರ್ಟ್‌ನಲ್ಲಿ ಸೆನ್ಸರ್ ಫೇಲ್ಯೂರ್ ಅಂತ ಬರಿ. ಸುಳ್ಳೇನಲ್ಲವಲ್ಲ? ಯಂತ್ರ ಕೆಡತ್ತೆ, ಯಾರೂ ಪ್ರಶ್ನೆ ಮಾಡಲ್ಲ. ಚೆಕ್ ಮಾಡಲಿಲ್ಲ ಅಂತ ಬರೆದ್ರೆ ನಿನ್ನ ಮೇಲೇ ಬರತ್ತೆ. ಮೇಲಿನವರು ಫೈಲ್ ಮುಚ್ಚಿಬಿಡ್ತಾರೆ. ನಾನು ನಿನ್ನ ಕಡೇನೇ ಇದೀನಮ್ಮ."

ವಾಪಸ್ ಬರುವಾಗ ಗುಂಡ್ಲುಪೇಟೆಯಲ್ಲಿ ಟೀ ಕುಡಿಯಲು ನಿಂತೆ. ಪರಿಚಯದ ಮಂಡಿ ವ್ಯಾಪಾರಿಯೊಬ್ಬರಿಗೆ ಕಥೆ ಹೇಳಿದೆ. "ನಮ್ಮೂರ್ಗೆ ಬಸ್ಸೇ ಸರ್ಯಾಗ್ ಬರಲ್ಲ. ಇವ್ರಿಗೆ ಇಮಾನಕ್ಕೆ ದುಡ್ಡು. ಅದ್ನೂ ಬೀಳ್ಸಕ್ಕೆ!" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಬಸ್ಸಿನಲ್ಲಿ ಕೂತಾಗ ಆ ನಗು ಚುಚ್ಚತೊಡಗಿತು. ಬೀಳಿಸುವುದಕ್ಕಲ್ಲದೆ ಸಂಶೋಧನೆಗೆ ಮತ್ತೇಕೆ ದುಡ್ಡು? ಬೀಳುವುದೇ ಇಲ್ಲ ಎಂದು ಮೊದಲೇ ಗೊತ್ತಿರುವ ವಿಮಾನ ಬೇಕಾದರೆ ಅಂಗಡಿಯಲ್ಲಿ ಕೊಳ್ಳಬಹುದು. ವಿಶ್ವವಿದ್ಯಾಲಯಕ್ಕೆ ಸರ್ಕಾರ ಹಣ ಕೊಡುವುದು ಯಾರಿಗೂ ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳಲಿ ಎಂದು. ಆದರೆ ಮುಂದಿನ ಕಂತು ಬರುವುದು ಹಾರಿ ತೋರಿಸಿದವರಿಗೆ. ಹೀಗಾದರೆ ನಮ್ಮ ಹುಡುಗ ಹುಡುಗಿಯರು ಏನು ಕಲಿಯುತ್ತಾರೆ? ಗಾಳಿಯ ಬಗ್ಗೆಯೋ, ಸಮಿತಿಯ ಬಗ್ಗೆಯೋ? (ಬಸ್ಸೂ ಸರಿಯಾಗಿ ಬರಬೇಕು. ಮಂಡಿಯವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆ ದಿನವೂ ಬಹಳ ಹೊತ್ತು ಕಾದಿದ್ದೆ.)

ಕಳೆದ ಭಾನುವಾರ ಸೌಮ್ಯ ಮನೆಗೆ ಬಂದಳು. ರಿಪೋರ್ಟ್ ಕಳಿಸಿ ಆಗಿತ್ತು.

"ಸೆನ್ಸರ್ ಫೇಲ್ಯೂರ್?" ಎಂದೆ.

"ಇಲ್ಲ ಅಂಕಲ್. ಕೊನೇ ಪರೀಕ್ಷೆ ಮಾಡದೆ ಹಾರಿಸಿದೆವು, ಮಾಡಿದ್ದರೆ ಬೀಳ್ತಿರಲಿಲ್ಲ ಅಂತ ಬರೆದೆ. ಪೂಜೆ ಆಯ್ತು ಅನ್ನೋದನ್ನೂ ಬರೆದೆ."

"ಹುಚ್ಚಾ ನಿನಗೆ? ಕೆಲಸ ಹೋದರೆ?"

"ಹೋಗಬಹುದು. ಆದ್ರೆ ಸೆನ್ಸರ್ ಕೆಟ್ಟಿತ್ತು ಅಂತ ಬರೆದ್ರೆ ಮುಂದಿನವರು ಸೆನ್ಸರ್ ಬದಲಾಯಿಸ್ತಾರೆ ಅಂಕಲ್. ಊದೋದು ಬಿಟ್ಟೇ ಬಿಡ್ತಾರೆ. ಆಗ ಔಷಧಿ ಹೊತ್ತ ವಿಮಾನ ಯಾರದೋ ಹಾಡಿ ಮೇಲೆ ಬೀಳತ್ತೆ."

ಅಂಕಣಕಾರನ ಚಟ, ಇನ್ನೊಂದು ಪ್ರಶ್ನೆ ಕೇಳಿದೆ. "ಊದಬೇಡ ಅಂತ ಯಾರೋ ಅಂದರಲ್ಲ, ಅದನ್ನೂ ಬರೆದೆಯಾ?"

ಅವಳು ನನ್ನನ್ನೇ ನೋಡಿದಳು. "ಯಾರೂ ಅನ್ನಲಿಲ್ಲ ಅಂಕಲ್. ವಿಭೂತಿ ನೋಡಿ ನಾನೇ ನಿಲ್ಲಿಸಿದೆ."

ಅವಳು ಹೋದ ಮೇಲೆ ಬೇಗೂರಿಗೆ ಫೋನ್ ಮಾಡಿದೆ. ಎತ್ತಿದ್ದು ಗೌರತ್ತಿಗೆ. "ನಾನೇ ಕಣಪ್ಪ ಅಂದದ್ದು. ಆ ಮಗೀನ್ ಮ್ಯಾಲೆ ಆಕ್‌ಬ್ಯಾಡಿ." ಹಿಂದಿನಿಂದ ಮಾದಪ್ಪಣ್ಣ ಗದರಿದ್ದು ಕೇಳಿಸಿತು. "ನೀನೆಲ್ಲಿದ್ದೆಯಮ್ಮಿ ಅಲ್ಲಿ? ಅತ್ಲಾಗೆ ಕುಂತು ಕಾಯಿ ಚೂರ್ ಮಾಡ್ತಿದ್ದೆ. ನಾನ್ ಅಂದದ್ದು ಕಣ್ಲಾ, ಬರ್ಕೊ." ತಪ್ಪು ತನ್ನದೆಂದು ಇಬ್ಬರೂ ಜಗಳವಾಡುತ್ತಿದ್ದರು. ನಾನು ಫೋನ್ ಹಿಡಿದು ಕೂತಿದ್ದೆ. ಇಂಥ ಜಗಳ ಯಾವ ಕಚೇರಿಯಲ್ಲಿ ಕೇಳಿದ್ದೀರಿ?

ಕೊನೆಗೆ ಅತ್ತಿಗೆಯೇ ಗೆದ್ದು ಫೋನ್ ಕಿತ್ತುಕೊಂಡಳು. ವಿಮಾನದ ಮೂಗಿಗೆ ಕೂಸಿನ ಕುಲಾವಿಯಂಥದ್ದೊಂದು ಹೊಲಿದಿದ್ದಾಳಂತೆ, ಕೆಂಪು ಬಟ್ಟೆಯದು. ವಿಭೂತಿಯನ್ನು ಅದರ ಮೇಲೆ ಇಟ್ಟು, ಪೂಜೆಯಾದ ಮೇಲೆ ಕುಲಾವಿ ತೆಗೆದರೆ ಆಯಿತಂತೆ. "ಆಮ್ಯಾಕೆ ಎಷ್ಟ್ ಬೇಕಾದ್ರೂ ಊದ್ಕಳ್ಳಿ." ಸೌಮ್ಯಳಿಗೆ ಹೇಳಿದೆ. ದೊಡ್ಡ ವಿಮಾನಗಳ ಕೊಳವೆಗೂ ನಿಲ್ಲಿಸಿದಾಗ ಹಾಗೆಯೇ ಕೆಂಪು ಮುಸುಕು ಹಾಕುತ್ತಾರೆ ಎಂದು ಅವಳು ನಕ್ಕಳು. ಅತ್ತಿಗೆಯದು ಅಳತೆಯಲ್ಲಿ ದೊಡ್ಡದಾಗಿದೆ, ಜಾರಿ ಬೀಳುತ್ತದೆ. ಇನ್ನೊಂದು ಹೊಲಿಯುತ್ತಿದ್ದಾಳೆ. ವಿಮಾನವೇ ಇರುತ್ತದೋ ಇಲ್ಲವೋ ಎಂದು ಅವಳಿಗೆ ಯಾರೂ ಹೇಳಿಲ್ಲ.

ಸಮಿತಿಯಿಂದ ಈವರೆಗೆ ಉತ್ತರ ಬಂದಿಲ್ಲ. ಎರಡನೇ ಕಂತು ಬರುತ್ತದೋ ಇಲ್ಲವೋ, ಸೌಮ್ಯಳಿಗೆ ಗೊತ್ತಿಲ್ಲ.

ಅವಳನ್ನು ತಡೆದ ಆ ದನಿ ಯಾರದು, ಅಥವಾ ನಮ್ಮಲ್ಲಿ ಹಾಗೆ ತಡೆಯಲು ಯಾರೂ ಬಾಯಿ ತೆರೆಯುವುದೇ ಬೇಕಿರಲಿಲ್ಲವೋ, ನನಗೂ ಗೊತ್ತಿಲ್ಲ.