ಅರ್ಥವಾಗಲಿಲ್ಲ ಎಂಬ ಏಳು ಸಹಿ

ಸಿದ್ದಲಿಂಗಯ್ಯನವರಿಗೆ ಒಂದು ಮಾತನ್ನು ಒಂದೇ ಸಲ ಹೇಳಿ ಗೊತ್ತಿರಲಿಲ್ಲ. ಪೀಣ್ಯ ಎರಡನೇ ಹಂತದಲ್ಲಿ ನನ್ನ ಲೇತ್ ಶೆಡ್ಡಿಗೂ ಅವರ ಬ್ಯಾಟರಿ ಶೆಡ್ಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಆ ಗೋಡೆಯ ಈಚೆ ನಿಂತು ಹದಿಮೂರು ವರ್ಷ ಅವರ ವಿವರಣೆ ಕೇಳಿದ್ದೇನೆ. ಬ್ಯಾಟರಿಗೆ ನೀರು ಹಾಕಿಸಲು ಬಂದ ಟೆಂಪೋ ಡ್ರೈವರಿಗೆ ಸೀಸದ ಪ್ಲೇಟು ಯಾಕೆ ಬೆಳ್ಳಗಾಗುತ್ತದೆ ಎಂದು ಅರ್ಧ ಗಂಟೆ ಹೇಳುತ್ತಿದ್ದರು. ಅವನು ಟೀ ಕುಡಿದು ಬರುತ್ತೇನೆ ಎಂದು ಜಾರಿಕೊಂಡರೆ, ಇವರೂ ಟೀ ಅಂಗಡಿಗೆ ಹೋಗಿ ಉಳಿದದ್ದನ್ನು ಅಲ್ಲಿ ಮುಗಿಸುತ್ತಿದ್ದರು.

ಅದಕ್ಕೆ ಕಾರಣವೂ ಇತ್ತು. ಪೀಣ್ಯಕ್ಕೆ ಬರುವ ಮೊದಲು ಅವರು ದಾವಣಗೆರೆಯ ಒಂದು ಕಾಲೇಜಿನಲ್ಲಿ ಒಂಬತ್ತು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದರು. ವೈರು ಜೋಡಿಸಿ, ಗಾಜಿನ ಕೊಳವೆ ತೊಳೆದು, ಎಲ್ಲವನ್ನೂ ಸಿದ್ಧಮಾಡಿ ಗೋಡೆಗೆ ಒರಗಿ ನಿಲ್ಲುವುದು ಅವರ ಕೆಲಸ. ಮಾತಾಡುವುದು ಲೆಕ್ಚರರ ಕೆಲಸ. ಒಂದು ದಿನ ಹುಡುಗಿಯೊಬ್ಬಳು ಏನೋ ಕೇಳಿದಾಗ ಇವರು ಉತ್ತರ ಹೇಳಿಬಿಟ್ಟರಂತೆ. ‘ಸಿದ್ಲಿಂಗಯ್ಯ, ನೀವು ಬಕೆಟ್ ತಗೊಂಡ್ ಹೋಗ್ರಿ’ ಎಂದರಂತೆ ಲೆಕ್ಚರರು. ಆ ಒಂಬತ್ತು ವರ್ಷದ ಬಾಕಿಯನ್ನೆಲ್ಲ ಅವರು ನಮ್ಮ ಸಾಲಿನ ಶೆಡ್ಡುಗಳ ಮೇಲೆ ತೀರಿಸಿಕೊಂಡರು. ಬೈದುಕೊಳ್ಳುತ್ತಲೇ ಕೇಳಿದೆವು. ಒಳ್ಳೆಯ ಮನುಷ್ಯ, ಏನು ಮಾಡುವುದು.

ಅವರ ಹೊಸ ಬ್ಯಾಟರಿ ಹುಟ್ಟಿದ್ದು ಅವರ ಹೆಂಡತಿ ಬಸಮ್ಮನವರ ಸಿಟ್ಟಿನಿಂದ. ಬ್ಯಾಟರಿ ಕೆಲಸದವರ ಪ್ಯಾಂಟಿನಲ್ಲಿ ಆಸಿಡ್ ಚೆಲ್ಲಿ ಆದ ತೂತುಗಳಿಗೆ ಲೆಕ್ಕವಿರುವುದಿಲ್ಲ. ಅದು ನಮಗೆ ಹೊಸದಲ್ಲ. ಆದರೆ ಒಂದು ಸಲ ನೆಂಟರ ಮದುವೆಗೆ ಹೋಗುವಾಗ, ದಾರಿಯಲ್ಲಿ ಯಾರಿಗೋ ಕೊಟ್ಟುಬಿಡೋಣ ಎಂದು ಸ್ಕೂಟರಿನ ಮುಂದೆ ಒಂದು ಬ್ಯಾಟರಿ ಇಟ್ಟುಕೊಂಡರು. ಜಾಲಹಳ್ಳಿ ಕ್ರಾಸಿನ ಹಳ್ಳದಲ್ಲಿ ಸ್ಕೂಟರ್ ಕುಪ್ಪಳಿಸಿತು. ಮದುವೆ ಮನೆ ಸೇರುವ ಹೊತ್ತಿಗೆ ಬಸಮ್ಮನವರ ಇಳಕಲ್ ಸೀರೆಯ ನೆರಿಗೆ ಜಾಲರಿಯಾಗಿತ್ತು. ಆಯಮ್ಮ ಎಂಟು ದಿನ ಮಾತು ಬಿಟ್ಟರು. ಒಂಬತ್ತನೇ ದಿನ, ‘ಚೆಲ್ಲದಂಥಾದ್ದು ಮಾಡೋಕೆ ಬರದಿದ್ರೆ ಈ ಕಸುಬು ಬಿಡ್ರಿ’ ಎಂದರು.

ಸಿದ್ದಲಿಂಗಯ್ಯನವರು ಎರಡು ವರ್ಷ ಅದೇ ಧ್ಯಾನದಲ್ಲಿದ್ದರು. ನುಣ್ಣನೆಯ ಜೇಡಿಮಣ್ಣಿಗೆ ಭತ್ತದ ಹೊಟ್ಟು ಅರೆದು ಸೇರಿಸಿ, ಹಪ್ಪಳದಂತೆ ತೆಳ್ಳಗೆ ಲಟ್ಟಿಸಿ, ಆನೇಕಲ್ ಕಡೆಯ ಕುಂಬಾರರ ಆವಿಗೆಯಲ್ಲಿ ಸುಡಿಸಿದರು. ಹೊಟ್ಟು ಸುಟ್ಟುಹೋದ ಕಡೆಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಉಳಿಯುತ್ತದೆ. ಆ ಬಿಲ್ಲೆಯನ್ನು ಸೀಸದ ಪ್ಲೇಟುಗಳ ನಡುವೆ ಒತ್ತಿ ಕೂರಿಸಿದರೆ, ಹಾಕಿದ ಆಸಿಡನ್ನೆಲ್ಲ ಅದು ಹೀರಿ ಹಿಡಿದುಕೊಳ್ಳುತ್ತದೆ. ಒಳಗೆ ಕುಲುಕಾಡುವ ದ್ರವವೇ ಇಲ್ಲ. ಬೋರಲು ಹಾಕಿದರೂ ಒಂದು ತೊಟ್ಟು ಬೀಳದು. ಅದಕ್ಕೆ ಅವರು ಗಟ್ಟಿ ಬ್ಯಾಟರಿ ಎಂದು ಹೆಸರಿಟ್ಟರು.

ಮೊದಲ ಬ್ಯಾಟರಿ ದೀಪ ಉರಿಸಿದ್ದು ತೊಂಬತ್ತೆರಡರ ಆಯುಧಪೂಜೆಗೆ ನಾಲ್ಕು ದಿನ ಮುಂಚೆ. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಎಲ್ಲ ಶೆಡ್ಡಿನ ಬಾಗಿಲೂ ತೆರೆದಿರುತ್ತವೆ. ವರ್ಷವೆಲ್ಲ ಗೇಟಿನೊಳಗೆ ಬಿಡದ ಮಾಲೀಕನೂ ಆವತ್ತು ಕೈಹಿಡಿದು ಒಳಗೆ ಕರೆದು ಕಡ್ಲೆಪುರಿ ಕೊಡುತ್ತಾನೆ. ಹೊಸ ಯಂತ್ರ ಬಂದಿದ್ದರೆ ಅದಕ್ಕೆ ಮೊದಲ ಪೂಜೆ. ಸಿದ್ದಲಿಂಗಯ್ಯನವರು ಎರಡು ಗಟ್ಟಿ ಬ್ಯಾಟರಿಗಳನ್ನು ಪೂಜೆಗಿಟ್ಟರು. ಒಂದು ಇಡಿಯದು; ಇನ್ನೊಂದನ್ನು ನನ್ನ ಶೆಡ್ಡಿನಲ್ಲೇ ಗರಗಸದಿಂದ ಎರಡು ಹೋಳು ಮಾಡಿಸಿ ಒಳಗಿನದೆಲ್ಲ ಕಾಣುವಂತೆ ಇಟ್ಟರು. ಬಸಮ್ಮನವರು ಅದಕ್ಕೆ ವಿಭೂತಿ, ಅರಿಶಿನ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರವನ್ನು ಮೂರು ಸುತ್ತು ಹಾಕಿದರು. ಇವರು ಬಂದವರಿಗೆಲ್ಲ ಆ ಹಾರ ಎತ್ತಿ ತೋರಿಸಿ, ಊದಿನಕಡ್ಡಿಯನ್ನೇ ಕೋಲು ಮಾಡಿಕೊಂಡು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ವಿವರಿಸಿದರು. ಇಡೀ ಬ್ಯಾಟರಿಯನ್ನು ತಮ್ಮ ತಲೆಯ ಮೇಲೆ ಬೋರಲು ಹಿಡಿದು ನಿಂತರು. ಉಟ್ಟಿದ್ದು ಬಿಳಿ ಪಂಚೆ. ಒಂದು ಕಲೆ ಆಗಲಿಲ್ಲ. ಆವತ್ತು ಅವರ ಮುಖ ನೋಡಿ ನನಗೂ ಖುಷಿಯಾಯಿತು.

ಪೇಟೆಂಟ್ ಎಂಬ ಮಾತು ಬಂದದ್ದು ಆಮೇಲೆ. ಮಲ್ಲೇಶ್ವರದಲ್ಲಿ ಶೈಲಜಾ ಎಂಬ ಪೇಟೆಂಟ್ ವಕೀಲೆ ಇದ್ದರು. ಆಯಮ್ಮ ಎಲ್ಲ ಕೇಳಿಸಿಕೊಂಡು, ನಕ್ಷೆ ಬರೆಸಿ, ಡಿಸೆಂಬರಿನಲ್ಲಿ ಮದ್ರಾಸಿನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದರು. ಪೇಟೆಂಟ್ ಸಿಕ್ಕಿದರೆ ಈ ಬ್ಯಾಟರಿ ಮಾಡುವವರೆಲ್ಲ ಇವರನ್ನು ಕೇಳಿಯೇ ಮಾಡಬೇಕು, ಮೇಲೆ ಇವರ ಹೆಸರು ಹಾಕಿಸಬಹುದು. ಸಿಗದಿದ್ದರೆ ಯಾರು ಬೇಕಾದರೂ ಮಾಡಿಕೊಳ್ಳಬಹುದು, ಸಿದ್ದಲಿಂಗಯ್ಯ ಯಾರು ಎಂದು ಯಾರೂ ಕೇಳುವುದಿಲ್ಲ. ಇವರಿಗೆ ಬೇಕಾಗಿದ್ದದ್ದು ಆ ಹೆಸರು. ಬ್ಯಾಟರಿಯ ಡಬ್ಬಿಯ ಮೇಲೆ ಯಾವ ಅಕ್ಷರದಲ್ಲಿ ಬರಬೇಕು ಎನ್ನುವುದನ್ನೂ ಬರೆಸಿಟ್ಟುಕೊಂಡಿದ್ದರು.

ಕಡತ ತೆವಳಿಕೊಂಡು ಹೋಗಿ, ಎರಡು ವರ್ಷದ ಮೇಲೆ ಸರ್ಕಾರದ ಗೆಜೆಟಿನಲ್ಲಿ ಪ್ರಕಟವಾಯಿತು. ಕೂಡಲೇ ವೈಟ್‌ಫೀಲ್ಡ್ ಕಡೆಯ ಒಂದು ಬ್ಯಾಟರಿ ಕಂಪನಿ ತಕರಾರು ಹಾಕಿತು. ಈ ಬ್ಯಾಟರಿ ಅರ್ಜಿಗೆ ಮೊದಲೇ ಊರಿಗೆಲ್ಲ ಗೊತ್ತಿತ್ತು, ಗೊತ್ತಿದ್ದದ್ದಕ್ಕೆ ಪೇಟೆಂಟ್ ಕೊಡುವಂತಿಲ್ಲ ಎನ್ನುವುದು ಅವರ ವಾದ. ಸಾಕ್ಷಿಗೆ ಆಯುಧಪೂಜೆಯ ಒಂದು ಫೋಟೋ ಲಗತ್ತಿಸಿದ್ದರು. ಜೊತೆಗೆ ಅವರ ಸೂಪರ್‌ವೈಸರ್ ಮುನೀಂದ್ರನ ಹೇಳಿಕೆ. ಆವತ್ತು ಅವನು ನಮ್ಮ ಸಾಲಿಗೆ ಬಂದು ಕಡ್ಲೆಪುರಿ ತಿಂದು ಹೋಗಿದ್ದ.

ಶೈಲಜಾ ತಲೆ ಮೇಲೆ ಕೈ ಇಟ್ಟುಕೊಂಡರು. ‘ಪೂಜೆ ಮಾಡಿದ್ದು ಸರಿ. ಕತ್ತರಿಸಿ ಇಟ್ಟಿದ್ದು ಯಾಕೆ ಸಾರ್?’

‘ಒಳಗೆ ಕಾಣ್ದೇ ಇದ್ರೆ ಹೆಂಗೆ ತಿಳೀಬೇಕು ಮೇಡಂ?’ ಎಂದರು ಸಿದ್ದಲಿಂಗಯ್ಯ.

‘ತಿಳೀಬಾರ್ದಿತ್ತು. ಅದೇ ಕಾನೂನು.’

ಆದರೆ ಆಯಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆ ಸ್ವಲ್ಪ ಚೇತರಿಸಿಕೊಂಡರು. ಫೋಟೋದಲ್ಲಿ ಬ್ಯಾಟರಿಯೇ ಇರಲಿಲ್ಲ. ಇದ್ದದ್ದು ಚೆಂಡುಹೂವಿನ ಒಂದು ಗುಡ್ಡೆ, ಎರಡು ಬಾಳೆಕಂದು, ಒಂದು ಬೂದುಗುಂಬಳ. ಸಿದ್ದಲಿಂಗಯ್ಯನವರು ಊದಿನಕಡ್ಡಿ ಎತ್ತಿ ಬಾಯಿ ತೆರೆದಿದ್ದರು. ಸುತ್ತಲಿನ ಹದಿನಾಲ್ಕು ಜನರಲ್ಲಿ ಒಬ್ಬನೂ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕಡ್ಲೆಪುರಿ ತಟ್ಟೆಯ ಮೇಲೆ. ನಾನಂತೂ ಎರಡು ಕೈಯಲ್ಲೂ ಬಾಚಿಕೊಳ್ಳುತ್ತಿದ್ದೆ.

‘ಕಣ್ಣಿಗೆ ಕಂಡ್ರೆ ಸಾಲ್ದು’ ಎಂದರು ಶೈಲಜಾ. ‘ಒಳಗೆ ಏನಿದೆ, ಹೇಗೆ ಕೆಲಸ ಮಾಡುತ್ತೆ ಅಂತ ಜನಕ್ಕೆ ತಿಳಿದಿರ್ಬೇಕು. ಅಲ್ಲಿದ್ದವರು ಯಾರಿಗೂ ಏನೂ ಅರ್ಥ ಆಗ್ಲಿಲ್ಲ ಅಂತ ಪ್ರಮಾಣಪತ್ರ ಕೊಟ್ರೆ ನಾವು ಉಳ್ಕೋತೀವಿ.’

ಹೀಗಾಗಿ ಒಂದು ಶನಿವಾರ, ಸಿದ್ದಲಿಂಗಯ್ಯನವರು ಇಲ್ಲದ ಹೊತ್ತು ನೋಡಿ, ಆಯಮ್ಮ ಟೈಪ್ ಮಾಡಿದ ಕಾಗದ ಹಿಡಿದು ನಮ್ಮ ಸಾಲಿಗೆ ಬಂದರು. ಮೊದಲು ಟೀ ಅಂಗಡಿಯ ರಾಮಕ್ಕ. ‘ಅಕ್ಕ, ಆವತ್ತು ಸಿದ್ದಲಿಂಗಯ್ಯನವ್ರು ಹೇಳಿದ್ದು ನಿಮಗೆ ಅರ್ಥ ಆಗ್ಲಿಲ್ಲ ತಾನೆ?’

‘ಅರ್ತ ಆಗ್ದೆ ಏನವ್ವಾ’ ಎಂದಳು ರಾಮಕ್ಕ. ‘ಒಸ ಮಡಿಕೆ ನೀರು ಈರ್ಕಂಡಂಗೆ ಆ ಮಣ್ಣಿನ ಬಿಲ್ಲೆ ಆಸಿಡ್ಡು ಈರ್ಕಂತದೆ. ಒಟ್ಟು ಸುಟ್ಟು ತೂತು ಬಿದ್ದಿರ್ತದಲ್ಲ, ಅದ್ರಾಗೆ ನಿಂತ್ಕಂತದೆ. ಅಷ್ಟೇಯ.’

ಶೈಲಜಾ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ನಾನೇ ರಾಮಕ್ಕನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಅಯ್ಯನೋರ ಹೆಸರು ಉಳಿಯಬೇಕಾದರೆ ನಿನಗೆ ಅರ್ಥವಾಗಿರಬಾರದು ಎಂದು ಹೇಳಿದೆ. ‘ಅಂಗಾದ್ರೆ ಆಗ್ಲಿಲ್ಲ ಬುಡು’ ಎಂದು ಹೆಬ್ಬೆಟ್ಟು ಒತ್ತಿದಳು. ವೆಲ್ಡಿಂಗ್ ಕಾಡಪ್ಪ ಸಹಿ ಮಾಡಿದ. ನಾನೂ ಮಾಡಿದೆ. ಒಟ್ಟು ಏಳು ಜನ. ಎಲ್ಲರೂ ಸುಳ್ಳೇ ಹೇಳಿದೆವು. ಆ ಮನುಷ್ಯ ಹೇಳಿದರೆ ಅರ್ಥವಾಗದೆ ಉಳಿಯುವುದು ಸಾಧ್ಯವೇ ಇರಲಿಲ್ಲ. ನಮ್ಮ ತಕರಾರೇನಿದ್ದರೂ ಅರ್ಥವಾದ ಮೇಲೂ ನಿಲ್ಲಿಸುವುದಿಲ್ಲ ಎಂಬುದಷ್ಟೇ. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಬರೆದುಕೊಟ್ಟದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ.

ತೊಂಬತ್ತೈದರ ಆಗಸ್ಟಿನಲ್ಲಿ ವಿಚಾರಣೆ. ಬೃಂದಾವನ್ ಎಕ್ಸ್‌ಪ್ರೆಸ್ಸಿನಲ್ಲಿ ಶೈಲಜಾ, ಸಿದ್ದಲಿಂಗಯ್ಯ, ಮಾದರಿ ಬ್ಯಾಟರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು. ಬಂಗಾರಪೇಟೆ ದಾಟಿದ ಮೇಲೆ ಸಿದ್ದಲಿಂಗಯ್ಯನವರು ಆ ಏಳು ಕಾಗದ ಕೇಳಿ ಇಸಿದುಕೊಂಡರು. ‘ಸದರಿ ಸಿದ್ದಲಿಂಗಯ್ಯನವರು ನೀಡಿದ ವಿವರಣೆಯಿಂದ ನನಗೆ ಯಾವ ಸಂಗತಿಯೂ ತಿಳಿಯಲಿಲ್ಲವೆಂದು ಪ್ರಮಾಣೀಕರಿಸುತ್ತೇನೆ.’ ಏಳರಲ್ಲೂ ಅದೇ ಸಾಲು. ಅವರು ಏಳನ್ನೂ ಓದಿದರು. ಎದುರು ಸೀಟಿನವನು ಅದೇನು ಡಬ್ಬಿ ಎಂದು ಕೇಳಿದ. ‘ಬ್ಯಾಟರಿ’ ಎಂದು ಹೇಳಿ ಕಿಟಕಿಯಾಚೆ ನೋಡತೊಡಗಿದರು. ಅವರನ್ನು ಯಾರೋ ಏನೋ ಕೇಳಿ, ಅವರು ಒಂದೇ ಪದದಲ್ಲಿ ಉತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ವಿಚಾರಣೆ ನಡೆಸಿದ ಅಧಿಕಾರಿ ಕೋಲಾರದ ಕಡೆ ಓದಿದವರು, ಕನ್ನಡ ಬರುತ್ತಿತ್ತು. ಫೋಟೋ ನೋಡಿ ‘ಬ್ಯಾಟರಿ ಎಲ್ಲಿದೆ?’ ಎಂದು ಕೇಳಿದರು. ಕಂಪನಿಯ ವಕೀಲ ಚೆಂಡುಹೂವಿನ ಮೇಲೆ ಬೆರಳಿಟ್ಟ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಶೈಲಜಾ ಮುನೀಂದ್ರನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ಸಹಿ ಹಾಕಿದ ಹೇಳಿಕೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಅದನ್ನು ಬರೆದವನು ವಕೀಲ.

‘ಅದನ್ನ ಪಕ್ಕಕ್ಕಿಡಿ ಮುನೀಂದ್ರ ಅವ್ರೇ. ಆವತ್ತು ನಿಮಗೆ ತಿಳಿದಿದ್ದು ಹೇಳಿ. ಪ್ಲೇಟುಗಳ ನಡುವೆ ಏನಿತ್ತು?’

ಮುನೀಂದ್ರ ಬೆವರಿದ. ಮೂರು ವರ್ಷದ ಹಿಂದಿನ ಮಾತು. ‘ಅದೇ ಮೇಡಂ... ಸ್ಪಂಜು ಇತ್ತಲ್ಲ. ರಬ್ಬರ್ ಸ್ಪಂಜು.’

‘ರಬ್ಬರ್ ಸ್ಪಂಜು. ಖಂಡಿತಾನಾ?’

‘ಹೂಂ ಮೇಡಂ. ಅಂಗೇ ಅಂತ ಜ್ಞಾಪಕ.’

ಕಂಪನಿಯ ವಕೀಲ ಕಣ್ಣು ಮುಚ್ಚಿಕೊಂಡ. ಅಧಿಕಾರಿ ಪೆನ್ನು ಎತ್ತಿಕೊಂಡರು. ಶೈಲಜಾ ನನ್ನ ಕಡೆ ತಿರುಗಿ ತುಟಿಯಂಚಿನಲ್ಲಿ ನಕ್ಕರು. ಗೆದ್ದೆವು ಎಂದು ನಾನು ಬ್ಯಾಟರಿಯ ಮೇಲೆ ಮೆಲ್ಲಗೆ ತಟ್ಟಿದೆ.

ಪಕ್ಕದಲ್ಲಿ ಕುರ್ಚಿ ಸದ್ದು ಮಾಡಿತು. ಸಿದ್ದಲಿಂಗಯ್ಯನವರು ಎದ್ದು ನಿಂತಿದ್ದರು.

‘ರಬ್ಬರ್ ಅಲ್ಲ ಸಾರ್. ಸುಟ್ಟ ಮಣ್ಣು. ಇವ್ರಿಗೆ ಆವತ್ತೇ ಎರಡು ಸಲ ಹೇಳೀನಿ. ಎರಡನೇ ಸಲ ಇವ್ರೇ ಬಾಯಿಬಿಟ್ಟು ಸರಿಯಾಗಿ ಒಪ್ಪಿಸಿದ್ರು. ಈಗ ಮರ್ತಾರ.’

ನಾನು ಅವರ ಅಂಗಿ ಜಗ್ಗಿದೆ. ಅವರು ಜಗ್ಗಿಸಿಕೊಂಡೇ ಮುಂದಕ್ಕೆ ಹೋದರು. ಅಧಿಕಾರಿ ಪೆನ್ನು ಕೆಳಗಿಟ್ಟು, ‘ಎಲ್ಲರಿಗೂ ಹೇಳಿದ್ರಾ?’ ಎಂದರು. ಎಲ್ಲರಿಗೂ, ಎಂದರು ಇವರು. ‘ಹೊಟ್ಟಿನ ವಿಷಯ?’ ಅದನ್ನೂ, ಅಳತೆ ಸಮೇತ. ಹೇಗೆ ಹೇಳಿದಿರಿ ಎಂದು ಆ ಪುಣ್ಯಾತ್ಮ ಕೇಳಬಾರದಿತ್ತು. ಸಿದ್ದಲಿಂಗಯ್ಯನವರು ನನ್ನ ತೊಡೆಯ ಮೇಲಿನ ಬ್ಯಾಟರಿ ಎತ್ತಿಕೊಂಡು ಮೇಜಿನ ಮೇಲಿಟ್ಟು, ಮೊದಲಿನಿಂದ ಶುರುಮಾಡಿದರು. ಮುನೀಂದ್ರನೂ ಹತ್ತಿರ ಬಂದು ನಿಂತು ‘ಹೌದು, ಹೌದು, ಇಂಗೇ ಹೇಳಿದ್ದು’ ಎಂದು ತಲೆಯಾಡಿಸಿದ. ಅಧಿಕಾರಿಗೆ ಸಂಪೂರ್ಣ ಅರ್ಥವಾಯಿತು. ಶೈಲಜಾ ಆ ಏಳು ಕಾಗದಗಳನ್ನು ಕಡತದಿಂದ ಬಿಡಿಸಲಾಗದೆ ಅವುಗಳ ಮೇಲೆ ಕೈಯಿಟ್ಟು ಕೂತಿದ್ದರು. ಅಧಿಕಾರಿ ಅವುಗಳನ್ನು ಕೇಳಲಿಲ್ಲ; ಅದು ಅವರ ದೊಡ್ಡತನ.

ಪೇಟೆಂಟ್ ಹೋಯಿತು. ಆದೇಶದ ಕಾಗದ ಆಮೇಲೆ ಬರಬೇಕಿತ್ತಷ್ಟೇ. ಶೈಲಜಾ ನಮ್ಮನ್ನು ಅಲ್ಲೇ ಬಿಟ್ಟು ಆಟೋ ಹತ್ತಿ ಹೋದರು. ನಾನು ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತು, ಹದಿಮೂರು ವರ್ಷದಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಅಂದುಬಿಟ್ಟೆ.

‘ಎಲ್ಡು ನಿಮ್ಸ ಬಾಯಿ ಮುಚ್ಕಂಡಿದ್ರೆ ಏನಾಗ್ತಿತ್ತು ಸಾಮಿ? ನಿಮಗೋಸ್ಕರ ಏಳು ಜನ ಸುಳ್ಳು ಸೈನ್ ಆಕಿದ್ವಿ. ನಾಳೆ ಅವ್ರು ಮಾಡಿ ಮಾರ್ತಾರೆ, ನಿಮ್ಮೆಸರು ಎಲ್ಲೂ ಇರಾಕಿಲ್ಲ.’

ಅವರು ಕಾಫಿ ಮುಟ್ಟಿರಲಿಲ್ಲ. ‘ಸುಳ್ಳಾ?’ ಎಂದರು.

‘ಮತ್ತೆ?’

‘ಚಿಕ್ಕಬೈರಪ್ಪಾರೆ, ನಿಜ ಹೇಳ್ರಿ. ಆವತ್ತು ನಿಮಗೆ ಅರ್ಥ ಆಗಿತ್ತಾ?’

ಅವರು ಮೇಜಿನ ಮೇಲೆ ಬಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಪೇಟೆಂಟ್ ಹೋದಾಗ ಅಧಿಕಾರಿಯ ಮುಖವನ್ನೂ ಹಾಗೆ ನೋಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

‘ಮೊದಲ್ನೇ ಸಲಕ್ಕೇ ಅರ್ತ ಆಯ್ತು ಸಾಮಿ. ಎಲ್ಲಾರ್ಗೂ ಆಗಿತ್ತು. ರಾಮಕ್ಕಂಗೂವೆ.’

ಸಿದ್ದಲಿಂಗಯ್ಯನವರು ಲೋಟ ಎತ್ತಿ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

‘ಹಂಗಾದ್ರೆ ಅವ್ರು ಪೇಟೆಂಟ್ ಕೊಡದಿದ್ದಿದ್ದೇ ಸರಿ ಬಿಡ್ರಿ’ ಎಂದರು.